ಅವ್ವನಿಗೊಂದು ಕಲ್ಲು

ಸಮಾಧಿಗೆ ಕಲ್ಲು ಕೊಳ್ಳಲು ಹೋಗುವವರ ಬಳಿ ಸಮಯವೂ ಇರುವುದಿಲ್ಲ, ಸಮಾಧಾನವೂ ಇರುವುದಿಲ್ಲ. ವರ್ಷದ ಕಾರ್ಯ ಹತ್ತಿರ ಬಂತೆಂಬ ಅವಸರ ಒಂದು ಕಡೆ. ತೀರಿಕೊಂಡವರ ವಿಷಯದಲ್ಲಿ ಚೌಕಾಸಿ ಮಾಡಿದರೆ ಜನ ಏನೆಂದುಕೊಂಡಾರು ಎಂಬ ಸಂಕೋಚ ಇನ್ನೊಂದು ಕಡೆ. ಅಂಗಡಿಯವರಿಗೆ ಇವೆರಡೂ ಚೆನ್ನಾಗಿ ಗೊತ್ತು. "ಜೆಟ್ ಬ್ಲಾಕ್ ಹಾಕಿಸಿಬಿಡಿ ಮೇಡಂ, ಎಲ್ರೂ ಅದನ್ನೇ ತಗೊಳ್ತಾರೆ" ಎನ್ನುತ್ತಾರೆ. ನಾವು ತಲೆಯಾಡಿಸುತ್ತೇವೆ.

ನಾನು ಜೆ.ಪಿ. ನಗರದವಳು. ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ದುಡಿದು ನಿವೃತ್ತಳಾದವಳು. ಅವ್ವ ಲಿಂಗೈಕ್ಯಳಾದಾಗ ನಮ್ಮವರ ಪದ್ಧತಿಯಂತೆ ಕನಕಪುರದ ಕಡೆ ಇರುವ ನಮ್ಮ ತೋಟದಲ್ಲಿ, ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ಅಪ್ಪನ ಕಾಲಕ್ಕೆ ಊರಿನ ಮೇಸ್ತ್ರಿ ಇಟ್ಟಿಗೆ ಕಟ್ಟೆ ಕಟ್ಟಿ, ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ಹೆಸರು ಗೀರಿದ್ದರು. ಈಗ ಅದನ್ನು ಓದಲು ಆಗುವುದಿಲ್ಲ. "ಈ ಸಲ ಕಲ್ಲೇ ಹಾಕ್ಸೋಣ ಕಣಕ್ಕಾ, ಇಬ್ಬರಿಗೂ ಸೇರಿಸಿ. ಬೆಂಗಳೂರಲ್ಲಿ ನೀನೇ ನೋಡು" ಎಂದು ತಮ್ಮ ಕೈತೊಳೆದುಕೊಂಡ. ಅಲ್ಲಿಂದ ನನ್ನ ಕಲ್ಲಿನ ಪಾಠ ಶುರುವಾಯಿತು. ಬನ್ನೇರುಘಟ್ಟ ರಸ್ತೆಯ ಅಂಗಡಿಗಳಲ್ಲಿ, ಜಿಗಣಿಯ ಗ್ರಾನೈಟ್ ಫ್ಯಾಕ್ಟರಿಗಳಲ್ಲಿ, ಬನಶಂಕರಿಯ ಡಿಟಿಪಿ ಹುಡುಗನ ಮೇಜಿನ ಮುಂದೆ ಕಲಿತದ್ದರ ಸಾರ ಇಷ್ಟೇ: ಹೊಳಪಿಗೆ ಸುರಿಯುವ ದುಡ್ಡನ್ನು ಅಡಿಪಾಯಕ್ಕೂ ಅಕ್ಷರಕ್ಕೂ ಹಾಕಿ.

ಕಲ್ಲು ನೆಡುವುದು ನಮಗೆ ಹೊಸತಲ್ಲ

ಸಮಾಧಿ ಕಲ್ಲು ಎಂದರೆ ಇಂಗ್ಲಿಷರು ತಂದದ್ದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಬಿ.ಟಿ.ಎಂ. ಲೇಔಟಿನಿಂದ ಸ್ವಲ್ಪ ದೂರದಲ್ಲಿರುವ ಬೇಗೂರಿಗೆ ಒಮ್ಮೆ ಹೋಗಿಬನ್ನಿ. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಕಾಳಗದಲ್ಲಿ ಮಡಿದವರ ನೆನಪಿನ ಕಲ್ಲು ಅದು. ಆ ಕಾಳಗ ನಡೆದದ್ದು 'ಬೆಂಗಳೂರು' ಎಂಬಲ್ಲಿ ಎಂದು ಅದರಲ್ಲಿ ಬರೆದಿದೆ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಆರು ಶತಮಾನಗಳಿಗೂ ಮೊದಲೇ ಈ ಹೆಸರು ಇತ್ತೆಂದು ನಮಗೆ ತಿಳಿದದ್ದು, ತಮ್ಮವರು ಸತ್ತರೆಂದು ಯಾರೋ ನೆಡಿಸಿದ ಕಲ್ಲಿನಿಂದ. ನೆಡಿಸಿದವರಿಗೆ ಊರಿನ ಚರಿತ್ರೆ ಬರೆಯುವ ಉದ್ದೇಶವೇನೂ ಇರಲಿಲ್ಲ. ಯಾರು, ಎಲ್ಲಿ, ಹೇಗೆ ಸತ್ತರು ಎಂಬುದನ್ನು ನೇರವಾಗಿ ಬರೆಸಿದರು, ಅಷ್ಟೇ.

ವೀರಗಲ್ಲಿನಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು ಸಾಮಾನ್ಯ. ಬಳೆ ತೊಟ್ಟ ಕೈ ಎತ್ತಿ ನಿಂತ ಮಾಸ್ತಿಕಲ್ಲು, ಸಲ್ಲೇಖನ ಕೈಗೊಂಡ ಜೈನರ ನಿಸಿದಿಗಲ್ಲು ಎಲ್ಲವೂ ಇದೇ ಬಳಗದವು. ಹೆಬ್ಬಾಳದಲ್ಲಿ 2018ರಲ್ಲಿ ಮಣ್ಣಿನಿಂದ ಎದ್ದ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಇಂಥ ಕಲ್ಲುಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ಕಾಪಿಡುತ್ತಿದ್ದಾರೆ. ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಂತೂ ಒಂದು ನಾಯಿಗೆ ಹಾಕಿಸಿದ ಕಲ್ಲೇ ಇದೆ. ಅದು ಹತ್ತನೆಯ ಶತಮಾನದ ಆತಕೂರು ಶಾಸನ. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಸೆಣಸಿ, ಎರಡೂ ಸತ್ತದ್ದನ್ನು ಅದು ಹೇಳುತ್ತದೆ. ಅದೇ ಕಲ್ಲಿನಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣ ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದ ಮಾತೂ ಬರುತ್ತದೆ. ಚಕ್ರವರ್ತಿಯ ಗೆಲುವಿಗೂ ನಾಯಿಯ ಸಾವಿಗೂ ಒಂದೇ ಕಲ್ಲಿನಲ್ಲಿ ಜಾಗ ಸಿಕ್ಕಿದೆ.

ಈ ಕಲ್ಲುಗಳಿಗೆ ಕನ್ನಡಿಯಂಥ ಪಾಲಿಶ್ ಇರಲಿಲ್ಲ, ಬಂಗಾರದ ಬಣ್ಣ ಇರಲಿಲ್ಲ. ಸ್ಥಳೀಯ ಗಟ್ಟಿ ಕಲ್ಲು, ಉಳಿಯಿಂದ ಕಡೆದ ಅಕ್ಷರ, ಬೇಕಾದಷ್ಟೇ ಮಾತು. ಸಾವಿರ ವರ್ಷ ಮಳೆ ಬಿಸಿಲು ಕಂಡ ಮೇಲೂ ಇವುಗಳನ್ನು ಓದಬಹುದು. ಅಪ್ಪನ ಸಿಮೆಂಟ್ ಹೆಸರು ಅಳಿಸಿಹೋಗಲು ಮೂವತ್ತು ವರ್ಷವೂ ಬೇಕಾಗಲಿಲ್ಲ.

ಯಾವ ಕಲ್ಲು?

ಬೆಂಗಳೂರು ಕೂತಿರುವುದೇ ಕಲ್ಲಿನ ಮೇಲೆ. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಹಾಗಾಗಿ ನಮಗೆ ಕಲ್ಲಿನ ಬರವಿಲ್ಲ. ಸಮಾಧಿಗೆ ಸಾಮಾನ್ಯವಾಗಿ ಅಂಗಡಿಯಲ್ಲಿ ತೋರಿಸುವುದು ಮೂರು ಬಗೆ.

ಮೊದಲನೆಯದು ಸಾದರಹಳ್ಳಿ ಕಲ್ಲು. ದೇವನಹಳ್ಳಿ ಕಡೆಯ ಈ ಬೂದು ಕಲ್ಲು ಕಂಬ, ಚಪ್ಪಡಿ, ಮೆಟ್ಟಿಲುಗಳಿಗೆ ಹೆಸರುವಾಸಿ. ಗಟ್ಟಿ, ಅಗ್ಗ, ಬಿಸಿಲಿಗೆ ಬಣ್ಣ ಮಾಸದು. ಆದರೆ ಬೂದು ಹಿನ್ನೆಲೆಯಲ್ಲಿ ತೆಳುವಾಗಿ ಕೊರೆದ ಅಕ್ಷರ ಎದ್ದು ಕಾಣುವುದಿಲ್ಲ, ಆಳವಾಗಿ ಕಡೆಯಲೇಬೇಕು.

ಎರಡನೆಯದು ಕಪ್ಪು ಗ್ರಾನೈಟ್. ಚಾಮರಾಜನಗರದ ಕಪ್ಪು ಕಲ್ಲಿಗೆ ಹೊರದೇಶಗಳಲ್ಲೂ ಬೇಡಿಕೆ. ಅಲ್ಲಿ ಅದರ ಬಳಕೆಗಳಲ್ಲಿ ಮುಖ್ಯವಾದದ್ದೇ ಸಮಾಧಿ ಮತ್ತು ಸ್ಮಾರಕ. ವಾಷಿಂಗ್ಟನ್ನಿನಲ್ಲಿ 1982ರಲ್ಲಿ ಲೋಕಾರ್ಪಣೆಯಾದ ವಿಯೆಟ್ನಾಂ ಯುದ್ಧ ಸ್ಮಾರಕದ ಕಪ್ಪು ಗೋಡೆಯ ಕಲ್ಲು ಹೋದದ್ದೂ ಬೆಂಗಳೂರಿನ ಕಡೆಯಿಂದ. ಅದರ ಮೇಲೆ 58,000ಕ್ಕೂ ಹೆಚ್ಚು ಹೆಸರುಗಳಿವೆ, ಅಕ್ಷರಗಳ ಎತ್ತರ ಹೆಚ್ಚುಕಡಿಮೆ ಅರ್ಧ ಇಂಚು. ವಿನ್ಯಾಸ ಮಾಡಿದ ಮಾಯಾ ಲಿನ್ ಆಗ ವಿದ್ಯಾರ್ಥಿನಿ. ಹೆಸರು ಓದುವವರ ಮುಖವೂ ಅದೇ ಕಲ್ಲಿನಲ್ಲಿ ಕಾಣುವಂತೆ ಕನ್ನಡಿಯ ಪಾಲಿಶ್ ಮಾಡಿಸಿದ್ದಾರೆ. ಹೊಳಪಿಗೆ ಅಲ್ಲೊಂದು ಕೆಲಸವಿದೆ. ನಮ್ಮ ತೋಟದಲ್ಲಿ ಅದೇ ಹೊಳಪಿನ ಮೇಲೆ ಬೋರ್‌ವೆಲ್ ನೀರಿನ ಬಿಳಿ ಕಲೆ ಕೂರುತ್ತದೆ.

ಮೂರನೆಯದು ಕಡಪ ಕಲ್ಲು. ಇಲ್ಲಿ ಎಚ್ಚರ ಬೇಕು. ಅಡುಗೆಮನೆಯ ಶೆಲ್ಫಿಗೆ ಹಾಕುವ ಈ ಕಲ್ಲೂ ಕಪ್ಪಗಿರುತ್ತದೆ, ಪಾಲಿಶ್ ಮಾಡಿದರೆ ಹೊಳೆಯುತ್ತದೆ, ಗ್ರಾನೈಟಿಗಿಂತ ಅಗ್ಗ. ಆದರೆ ಇದು ಸುಣ್ಣಕಲ್ಲಿನ ಜಾತಿ. ಬಯಲಿನಲ್ಲಿ ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ, ಪದರ ಏಳುವುದೂ ಉಂಟು. ಪರೀಕ್ಷೆ ಸುಲಭ. ಮಾದರಿ ತುಂಡಿನ ಮೇಲೆ ಒಂದು ಹನಿ ನಿಂಬೆರಸ ಬಿಟ್ಟು ಸ್ವಲ್ಪ ಹೊತ್ತಿನ ಮೇಲೆ ಒರೆಸಿ. ಕಡಪ ಕಲ್ಲಾದರೆ ಅಲ್ಲಿ ಹೊಳಪು ಸತ್ತಿರುತ್ತದೆ. ಕಬ್ಬಿಣದ ಮೊಳೆಯಿಂದ ಗೀರಿದರೆ ಗೆರೆ ಬೀಳುತ್ತದೆ. ಗ್ರಾನೈಟಿಗೆ ಇವೆರಡೂ ತಾಗುವುದಿಲ್ಲ.

ಇನ್ನೊಂದು ಮೋಸವಿದೆ. ಬೂದು ಛಾಯೆಯ ಕಲ್ಲಿಗೆ ಬಣ್ಣವನ್ನೋ ಎಣ್ಣೆಯನ್ನೋ ಕುಡಿಸಿ ಕಡುಗಪ್ಪೆಂದು ಮಾರುವುದು. ಉಗುರುಬಣ್ಣ ಅಳಿಸುವ ದ್ರಾವಣವನ್ನು ಬಿಳಿ ಬಟ್ಟೆಗೆ ಹಾಕಿ ಕಲ್ಲನ್ನು ಜೋರಾಗಿ ಒರೆಸಿ. ಬಟ್ಟೆ ಕಪ್ಪಾದರೆ ಆ ಕಲ್ಲನ್ನು ಅಲ್ಲೇ ಬಿಟ್ಟು ಬನ್ನಿ. ನಾನು ಹಾಗೆ ಒರೆಸಿದಾಗ ಒಂದು ಅಂಗಡಿಯವರು "ಏನಮ್ಮಾ, ಲ್ಯಾಬ್ ಇಟ್ಕೊಂಡಿದ್ದೀರಾ?" ಎಂದು ಮುಖ ಸಿಂಡರಿಸಿದರು. ಜಿಗಣಿಯಲ್ಲಿ ಇನ್ನೊಬ್ಬರು ತಾವೇ ಬಟ್ಟೆ ತಂದುಕೊಟ್ಟರು. ನಾನು ಯಾರ ಹತ್ತಿರ ಕಲ್ಲು ತೆಗೆದುಕೊಂಡೆನೆಂದು ಬೇರೆ ಹೇಳಬೇಕಾಗಿಲ್ಲ.

ದಪ್ಪದ ಮಾತು. ಅಂಗಡಿಯಲ್ಲಿ ಸಾಲಾಗಿ ಒರಗಿಸಿಟ್ಟ ಚಪ್ಪಡಿಗಳು ಹೆಚ್ಚಾಗಿ 18 ಮಿ.ಮೀ. ಕಟ್ಟೆಯ ಮೇಲೆ, ಗೋಡೆಗೆ ಅಂಟಿಸಲು ಅದು ಸಾಕು. ತಾನೇ ನಿಲ್ಲಬೇಕಾದ ಕಲ್ಲಿಗೆ ಸಾಲದು. ದನ ಮೈ ಉಜ್ಜಿದರೆ, ತೆಂಗಿನಗರಿ ಬಿದ್ದರೆ ಎರಡಾಗುತ್ತದೆ. ನಿಲ್ಲಿಸುವ ಕಲ್ಲು ಕನಿಷ್ಠ ಎರಡು ಮೂರು ಇಂಚು ದಪ್ಪವಿದ್ದು, ಉದ್ದದ ಕಾಲುಭಾಗಕ್ಕಿಂತ ಹೆಚ್ಚು ನೆಲದೊಳಗೆ ಇಳಿದಿರಬೇಕು. ಹಳೆಯ ವೀರಗಲ್ಲುಗಳನ್ನು ನೆಟ್ಟಿದ್ದೂ ಹೀಗೆಯೇ.

ನಾವು ಎರಡನ್ನೂ ಸೇರಿಸಿದೆವು. ಕಟ್ಟೆಗೆ ಸಾದರಹಳ್ಳಿ ಕಲ್ಲು, ಹೆಸರಿನ ಫಲಕಕ್ಕೆ ಮಾತ್ರ ಕಪ್ಪು ಗ್ರಾನೈಟ್. ಖರ್ಚು ಇಳಿಯಿತು, ನೋಡಲೂ ಗಂಭೀರವಾಗಿದೆ.

ಅಕ್ಷರ ಕೂರಿಸುವುದು

ಇಂದು ಅಕ್ಷರ ಹಾಕುವ ದಾರಿ ಮೂರು. ಕೈ ಉಳಿಯಲ್ಲಿ ಕಡೆಯುವುದು ಮೊದಲನೆಯದು. ಕೋಲಾರ ಜಿಲ್ಲೆಯ ಶಿವಾರಪಟ್ಟಣದಂಥ ಶಿಲ್ಪಿಗಳ ಊರಿನಲ್ಲಿ ಈ ಕೈ ಇನ್ನೂ ಉಳಿದಿದೆ. ನಂದಿ, ಲಿಂಗ ಬೇಕಾದವರೂ ಅಲ್ಲಿಗೇ ಹೋಗುತ್ತಾರೆ. ಎರಡನೆಯದು ಸ್ಯಾಂಡ್ ಬ್ಲಾಸ್ಟಿಂಗ್. ರಬ್ಬರ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ, ರಂಗೋಲಿ ಅಚ್ಚಿನಂತೆ ಕಲ್ಲಿಗೆ ಅಂಟಿಸಿ, ಒತ್ತಡದ ಗಾಳಿಯಲ್ಲಿ ಸಾಣೆಪುಡಿ ಚಿಮ್ಮಿಸುತ್ತಾರೆ. ತೆರೆದ ಜಾಗ ಮಾತ್ರ ಕೊರೆಯುತ್ತದೆ. ಮೂರನೆಯದು ಲೇಸರ್. ಫೋಟೋ ಕೂಡ ಮೂಡಿಸಬಹುದು. ಆದರೆ ಅದು ಪಾಲಿಶನ್ನು ಸುಟ್ಟು ಬೆಳ್ಳಗೆ ಮಾಡುವುದೇ ಹೊರತು ಆಳಕ್ಕಿಳಿಯುವುದಿಲ್ಲ. ಕಡುಗಪ್ಪು ಕಲ್ಲಿನ ಮೇಲಷ್ಟೇ ಚೆನ್ನಾಗಿ ಕಾಣುತ್ತದೆ. ಮನೆಯೊಳಗಿನ ಫಲಕಕ್ಕೆ ಲೇಸರ್ ಸರಿ. ಬಯಲಿಗೆ ಸ್ಯಾಂಡ್ ಬ್ಲಾಸ್ಟಿಂಗೇ ಇರಲಿ, ಎಷ್ಟು ಆಳ ಎಂದು ಕೇಳಿ ಬರೆಸಿಕೊಳ್ಳಿ. ತುಂಬಿದ ಬಂಗಾರದ ಬಣ್ಣ ಬಿಸಿಲಿಗೆ ಮಾಸಿಯೇ ತೀರುತ್ತದೆ. ಅಕ್ಷರ ಆಳವಾಗಿದ್ದರೆ ಮತ್ತೆ ತುಂಬಿಸಬಹುದು, ತುಂಬಿಸದಿದ್ದರೂ ಬೆರಳಾಡಿಸಿ ಓದಬಹುದು.

ಕನ್ನಡದಲ್ಲಿ ಬರೆಸುವವರಿಗೆ ಕಷ್ಟ ಎದುರಾಗುವುದು ಕಲ್ಲಿನ ಅಂಗಡಿಯಲ್ಲಲ್ಲ, ಕಂಪ್ಯೂಟರಿನ ಮುಂದೆ. ಅವ್ವನ ಹೆಸರಿನಲ್ಲಿ ಒಂದು ಅರ್ಕಾವೊತ್ತಿದೆ. ನಾನು ವಾಟ್ಸ್ಆ್ಯಪಿನಲ್ಲಿ ಕಳಿಸಿದ ಹೆಸರನ್ನು ಹುಡುಗ ತನ್ನ ಹಳೆಯ ಕೋರೆಲ್ ಡ್ರಾಗೆ ಹಾಕಿದ. ಅರ್ಕಾವೊತ್ತಿನ ಜಾಗದಲ್ಲಿ ಕೊಂಬು ಮುರಿದ ಯಾವುದೋ ಪರದೇಶದ ಅಕ್ಷರ ಬಂದು ಕೂತಿತು. ಕೊನೆಯ 'ಮ್ಮ'ದ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತಿತು. "ಇದು ಹಂಗೇ ಬರೋದು ಆಂಟಿ, ಕಲ್ಲಿನ ಮೇಲೆ ಸರಿಯಾಗುತ್ತೆ" ಎಂದ. ಕಲ್ಲಿನ ಮೇಲೆ ಏನೂ ಸರಿಯಾಗುವುದಿಲ್ಲ. ಫೋನಿನಲ್ಲಿ ನಾವು ಟೈಪ್ ಮಾಡುವುದು ಯೂನಿಕೋಡ್. ಅಚ್ಚು ಕತ್ತರಿಸುವ ಅಂಗಡಿಗಳಲ್ಲಿ ಬಹಳಷ್ಟು ಕಡೆ ಇನ್ನೂ ನುಡಿ, ಬರಹದ ಹಳೆಯ ಫಾಂಟುಗಳಿವೆ. ಒಂದರಿಂದ ಇನ್ನೊಂದಕ್ಕೆ ಸುರಿದಾಗ ಮೊದಲು ಒಡೆಯುವುದೇ ಒತ್ತಕ್ಷರ. ಹುಡುಗನ ಪಕ್ಕದಲ್ಲಿ ಕೂತು, ನುಡಿಯಲ್ಲೇ ಹೊಸದಾಗಿ ಟೈಪ್ ಮಾಡಿಸಿ, ಅಕ್ಷರಗಳನ್ನು ಆಕೃತಿಯಾಗಿ ಬದಲಾಯಿಸಿ ಕತ್ತರಿಸುವ ಯಂತ್ರಕ್ಕೆ ಕಳಿಸಿದೆವು.

ಹಾಗಾಗಿ ಮೂರು ಸೂಚನೆ. ಕಲ್ಲಿನ ಮೇಲೆ ಬರುವ ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಪ್ರಿಂಟ್ ತೆಗೆಸಿಕೊಳ್ಳಿ. ಮನೆಯವರಲ್ಲದ, ಕನ್ನಡ ಚೆನ್ನಾಗಿ ಬಲ್ಲ ಒಬ್ಬರಿಗೆ ಓದಲು ಕೊಡಿ, ಏಕೆಂದರೆ ನಮ್ಮವರ ಹೆಸರನ್ನು ನಮ್ಮ ಕಣ್ಣು ತಪ್ಪಿದ್ದರೂ ಸರಿಯಾಗಿಯೇ ಓದಿಬಿಡುತ್ತದೆ. ರಬ್ಬರ್ ಅಚ್ಚು ಕಲ್ಲಿಗೆ ಅಂಟಿದ ಮೇಲೆ, ಗಾಳಿ ಬಿಡುವ ಮುಂಚೆ ಒಂದು ಫೋಟೋ ತರಿಸಿಕೊಳ್ಳಿ. ಒತ್ತಿನ ಸಣ್ಣ ಚೂರುಗಳು ಅಲ್ಲೇ ಕಿತ್ತುಬರುವುದು. ಅಂದಹಾಗೆ, ತೀರಾ ತೆಳು ಗೆರೆಯ ಅಲಂಕಾರದ ಫಾಂಟು ಬೇಡ. ಒತ್ತು, ದೀರ್ಘ, ಕೊಂಬು ಒಂದಕ್ಕೊಂದು ಅಂಟದಷ್ಟು ಜಾಗವಿರಲಿ.

ನೆಲ ಕೂತ ಮೇಲೆ ಕಲ್ಲು

ಅಗೆದು ಮುಚ್ಚಿದ ಮಣ್ಣು ಕುಸಿಯುತ್ತದೆ. ನಮ್ಮಲ್ಲಿ ಕೂರಿಸಿ ಸಮಾಧಿ ಮಾಡುವುದರಿಂದ ಗುಂಡಿ ಆಳ, ಒಳಗೆ ಗೂಡೂ ಇರುತ್ತದೆ. ಕುಸಿತವೂ ಹೆಚ್ಚು. ಹನ್ನೊಂದನೆಯ ದಿನಕ್ಕೇ ಗ್ರಾನೈಟ್ ಕಟ್ಟೆ ಏಳಿಸಿದವರ ಸಮಾಧಿ ಮುಂದಿನ ಮಳೆಗೆ ಒಂದು ಮಗ್ಗುಲಿಗೆ ವಾಲಿರುವುದನ್ನು ನೋಡಿದ್ದೇನೆ. ಕನಿಷ್ಠ ಒಂದು ಪೂರ್ತಿ ಮಳೆಗಾಲ ಕಾಯಿರಿ. ಅಷ್ಟರವರೆಗೆ ಸುತ್ತ ನಾಲ್ಕು ಸೈಜುಗಲ್ಲು, ಮೇಲೊಂದು ತುಳಸಿ ಅಥವಾ ಬಿಲ್ವದ ಸಸಿ ಸಾಕು. ಸಸಿ ದೊಡ್ಡದಾಗುವ ಜಾತಿಯದಾದರೆ ಆಮೇಲೆ ದೂರಕ್ಕೆ ಕಿತ್ತು ನೆಡಿ. ಬೇರು ಬಂದರೆ ಯಾವ ಕಲ್ಲೂ ನಿಲ್ಲದು.

ಕಟ್ಟುವಾಗ ಗುಂಡಿಯ ಅಂಚಿನಾಚೆಯ ಗಟ್ಟಿ ನೆಲದ ಮೇಲೆ ಭಾರ ಬೀಳುವಂತೆ ಅಡಿಪಾಯ ಅಗಲವಾಗಿರಲಿ, ಕೆಳಗೆ ಬೆಡ್ ಕಾಂಕ್ರೀಟ್ ಬೀಳಲಿ. ಮೇಲಿನ ಚಪ್ಪಡಿಗೆ ನೀರು ಹರಿದುಹೋಗುವಷ್ಟು ಇಳಿಜಾರು ಬೇಕು. ಪಾಲಿಶ್ ಕಲ್ಲಿನ ಹಿಂಬದಿಗೆ ಬರಿ ಸಿಮೆಂಟ್ ಹಾಲು ಬಳಿದು ನಿಲ್ಲಿಸಿದರೆ ಬಿಸಿಲಿಗೆ ಕಿತ್ತುಬರುತ್ತದೆ. ಕಲ್ಲಿಗೆಂದೇ ಬರುವ ಅಂಟು, ಜೊತೆಗೆ ಸ್ಟೇನ್‌ಲೆಸ್ ಸ್ಟೀಲ್ ಪಿನ್ನು ಕೇಳಿ. ಕಬ್ಬಿಣದ ಪಿನ್ನು ತುಕ್ಕು ಹಿಡಿದು ಉಬ್ಬಿ ಒಳಗಿನಿಂದಲೇ ಕಲ್ಲನ್ನು ಸೀಳುತ್ತದೆ.

ನಮ್ಮ ಪೂಜೆಯೂ ಕಲ್ಲಿಗೆ ಸ್ವಲ್ಪ ಕಷ್ಟವೇ. ಎಣ್ಣೆ, ಕುಂಕುಮ ಪಾಲಿಶ್ ಇಲ್ಲದ ಬೂದು ಕಲ್ಲಿನೊಳಕ್ಕೆ ಇಳಿದರೆ ಹೊರಬರುವುದಿಲ್ಲ. ಕರ್ಪೂರವನ್ನು ನೇರವಾಗಿ ಚಪ್ಪಡಿಯ ಮೇಲೆ ಹಚ್ಚಿದರೆ ಆ ಬಿಸಿಗೆ ಚಕ್ಕೆ ಏಳಬಹುದು. ಮುಂದುಗಡೆ ಒಂದು ದೀಪದ ಗೂಡು ಬಿಡಿಸಿ, ಕರ್ಪೂರಕ್ಕೆ ತಟ್ಟೆ ಇಡಿ. ತೊಳೆಯಲು ನೀರು, ಮೆತ್ತನೆಯ ಬ್ರಷ್ ಸಾಕು. ಬಚ್ಚಲು ತೊಳೆಯುವ ಆ್ಯಸಿಡ್ ಮಾತ್ರ ಹತ್ತಿರ ತರಬೇಡಿ.

ಲೆಕ್ಕವೂ ಕಾಗದವೂ

ದರ ತಿಂಗಳಿಗೊಮ್ಮೆ ಬದಲಾಗುತ್ತದೆ. ಆದರೆ ಲೆಕ್ಕದ ರೀತಿ ಬದಲಾಗುವುದಿಲ್ಲ. ಕಲ್ಲಿಗೆ ಚದರ ಅಡಿ ಲೆಕ್ಕ, ಅಂಚಿನ ಮೋಲ್ಡಿಂಗಿಗೆ ರನ್ನಿಂಗ್ ಅಡಿ ಲೆಕ್ಕ, ಅಕ್ಷರಕ್ಕೆ ಬೇರೆ, ಫೋಟೋಗೆ ಬೇರೆ, ಲೋಡಿಂಗ್, ಸಾಗಣೆ, ಕೂರಿಸುವ ಕೂಲಿ ಬೇರೆ. "ಅಡಿಗೆ ಇಷ್ಟು" ಎಂದು ಒಂದೇ ಅಂಕಿ ಹೇಳಿದರೆ ಉಳಿದವು ಆಮೇಲೆ ಬರುತ್ತವೆ ಎಂದೇ ಅರ್ಥ. ಕತ್ತರಿಸಿ ಉಳಿದ ವೇಸ್ಟೇಜ್ ಯಾರ ಲೆಕ್ಕಕ್ಕೆ, ದಾರಿಯಲ್ಲಿ ಮುರಿದರೆ ಯಾರ ನಷ್ಟ ಎಂಬುದನ್ನೂ ಸೇರಿಸಿ, ಕಲ್ಲಿನ ಹೆಸರು, ದಪ್ಪ, ಅಳತೆ, ಅಕ್ಷರದ ಆಳ ಬರೆದ ಕೊಟೇಶನ್ ತೆಗೆದುಕೊಳ್ಳಿ. ಅರ್ಧ ಮುಂಗಡ ಕೊಟ್ಟು, ಉಳಿದದ್ದನ್ನು ಕೂರಿಸಿದ ಮೇಲೆ ಕೊಡಿ. ಬ್ಯಾಂಕಿನವಳ ಚಾಳಿ ಎಂದು ತಮ್ಮ ನಕ್ಕ. ಆ ಚಾಳಿಯಿಂದಲೇ ನಮ್ಮ ಖರ್ಚು ಹೇಳಿದ ಮೊತ್ತವನ್ನು ದಾಟಲಿಲ್ಲ.

ಕಲ್ಲಿಗಿಂತ ಮುಖ್ಯವಾದ ಇನ್ನೊಂದು ಕಾಗದವಿದೆ. ಕನಕಪುರ ರಸ್ತೆಯ ಎರಡೂ ಬದಿ ತೋಟಗಳು ಲೇಔಟುಗಳಾಗುತ್ತಿವೆ. ಹೊಲ ಮಾರಿದಾಗ, ಅಣ್ಣತಮ್ಮಂದಿರು ಪಾಲಾದಾಗ ಹಿರಿಯರ ಸಮಾಧಿ ಇನ್ನೊಬ್ಬರ ಕಾಂಪೌಂಡಿನೊಳಗೆ ಸೇರಿಹೋಗುತ್ತದೆ. ವಿಭಾಗಪತ್ರ, ಕ್ರಯಪತ್ರ ಮಾಡಿಸುವಾಗ ಸಮಾಧಿಯ ಜಾಗದ ಅಳತೆ, ಚಕ್ಕುಬಂದಿ, ಅಲ್ಲಿಗೆ ಹೋಗಿಬರುವ ದಾರಿಯ ಹಕ್ಕು ಇವನ್ನು ಬರೆಸಿ, ನಕ್ಷೆಯಲ್ಲೂ ಗುರುತು ಹಾಕಿಸಿ. ವಕೀಲರು ತಾವಾಗಿ ಕೇಳುವುದಿಲ್ಲ, ನಾವೇ ಹೇಳಬೇಕು. ನಗರಪಾಲಿಕೆ ವ್ಯಾಪ್ತಿಯಲ್ಲಾದರೆ ಸ್ವಂತ ಸೈಟಿನಲ್ಲಿ ಹೂಳುವಂತಿಲ್ಲ, ಅನುಮತಿ ಪಡೆದ ಸ್ಮಶಾನದಲ್ಲೇ ಆಗಬೇಕು. ಅಲ್ಲಿ ಕಟ್ಟೆಯ ಉದ್ದಗಲ, ಎತ್ತರಕ್ಕೆ ನಿಯಮಗಳಿರುತ್ತವೆ. ಕಲ್ಲಿಗೆ ಮುಂಗಡ ಕೊಡುವ ಮೊದಲು ಅವರನ್ನು ಕೇಳಿ.

ಜಯನಗರದ ನಮ್ಮ ಪರಿಚಯದ ಟೀಚರೊಬ್ಬರು ಕ್ರೈಸ್ತರು. ಅವರ ಮನೆಯವರದು ಹೊಸೂರು ರಸ್ತೆಯ ಸ್ಮಶಾನ. "ನಗರದ ಸ್ಮಶಾನಗಳಲ್ಲಿ ಜಾಗವೆಲ್ಲಿದೆ ಹೇಳಿ, ಒಂದೇ ಕುಟುಂಬದ ಸಮಾಧಿಯನ್ನು ವರ್ಷಗಳ ಮೇಲೆ ಮತ್ತೆ ತೆಗೀಬೇಕಾಗುತ್ತೆ. ಅದಕ್ಕೇ ಮೇಲಿನ ಚಪ್ಪಡಿ ಎತ್ತೋ ಹಾಗಿರಬೇಕು, ಕಲ್ಲಿನ ಮೇಲೆ ಮುಂದಿನ ಹೆಸರಿಗೆ ಜಾಗ ಬಿಟ್ಟಿರಬೇಕು" ಎಂದರು. ಎಲ್ಲ ಧರ್ಮದವರಿಗೂ ಸಲ್ಲುವ ಮಾತು. ಮುಸ್ಲಿಮರಲ್ಲಿ ಅನೇಕರು ಗೋರಿಯನ್ನು ಎತ್ತರಿಸಿ ಕಟ್ಟದೆ ಗುರುತಿಗೊಂದು ಕಲ್ಲಷ್ಟೇ ನಿಲ್ಲಿಸುತ್ತಾರೆ. ಆ ಸರಳತೆಯಲ್ಲೂ ವಿವೇಕವಿದೆ.

ಬನಶಂಕರಿಯಲ್ಲೋ ವಿಲ್ಸನ್ ಗಾರ್ಡನ್ನಿನಲ್ಲೋ ದಹನ ಮಾಡಿ ಬೂದಿ ನೀರಿಗೆ ಬಿಡುವವರಿಗೆ ಸಮಾಧಿಯೇ ಇಲ್ಲವಲ್ಲ ಎನ್ನಬಹುದು. ಅವರೂ ಕಲ್ಲು ಬಿಟ್ಟವರಲ್ಲ. ನಮ್ಮ ಪಾರ್ಕುಗಳ ಬೆಂಚಿನ ಬೆನ್ನಿನ ಮೇಲೆ, ದೇವಸ್ಥಾನದ ನೆಲದ ಚಪ್ಪಡಿಯ ಮೇಲೆ 'ಇವರ ಜ್ಞಾಪಕಾರ್ಥ' ಎಂಬುದನ್ನು ಓದದವರು ಯಾರಾದರೂ ಇದ್ದಾರೆಯೇ? ಸಂಜೆ ವಾಕಿಂಗ್ ಮುಗಿಸಿದವರ ಕಾಲಿಗೆ ವಿಶ್ರಾಂತಿ ಕೊಡುವ ಕಲ್ಲು ಕಡಿಮೆಯದೇನಲ್ಲ.

ಏನು ಬರೆಸುವುದು?

ನಮ್ಮ ಮನೆಯಲ್ಲಿ ಜಗಳವಾದದ್ದು ಇಲ್ಲಿ. ಅವ್ವ ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದಿದೆ, ಅವಳ ಓರಗೆಯ ಅರ್ಧ ಊರಿಗೆ ಅದೇ ದಿನ. ಅದನ್ನು ಕಲ್ಲಿನ ಮೇಲೆ ಬರೆಸಲು ನಾನು ಒಪ್ಪಲಿಲ್ಲ. ಹುಟ್ಟಿದ ದಿನ ಬಿಟ್ಟು ತವರೂರಿನ ಹೆಸರು ಹಾಕಿಸಿದೆವು. ಲಿಂಗೈಕ್ಯಳಾದ ದಿನವನ್ನು ಇಸವಿಯ ಜೊತೆಗೆ ಸಂವತ್ಸರ, ಮಾಸ, ತಿಥಿ ಸಹಿತ ಬರೆಸಿದೆವು. ತಮ್ಮನಿಗೆ 'ಮಮತೆಯ ಸಾಗರ, ತ್ಯಾಗಮಯಿ' ಎಂದೆಲ್ಲ ಬೇಕಿತ್ತು. ಅದು ಎಲ್ಲರ ಅವ್ವಂದಿರ ಕಲ್ಲಿನ ಮೇಲೂ ಇದೆ. ಬೇಟೆನಾಯಿ ಕಾಳಿಗೆ ಕೂಡ ಅದು ಮಾಡಿದ ಕೆಲಸವನ್ನು ಬರೆದಿದ್ದಾರೆ, ನಮ್ಮವ್ವ ಏನು ಮಾಡಿದಳು ಹೇಳು ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಅವನೇ ಹೇಳಿದ: "ಈ ತೋಟದ ಮೊದಲ ಸಾಲು ತೆಂಗು ನೆಟ್ಟವಳು ಅವ್ವನೇ ಅಲ್ವಾ?" ಹೆಸರಿನ ಕೆಳಗೆ ಆ ಒಂದು ಸಾಲು ಬಿತ್ತು. ಅಪ್ಪನ ಹೆಸರಿನ ಕೆಳಗೆ ಬಾವಿ ತೋಡಿಸಿದ್ದು ಬಂತು. ನಾಳೆ ತೋಟ ಯಾರ ಕೈಗೇ ಹೋಗಲಿ, ಓದಿದವರಿಗೆ ಆ ಇಬ್ಬರು ಯಾರೆಂದು ತಿಳಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ನನಗೆ ಅನ್ನಿಸಿದ್ದು, ಈ ಕೆಲಸವನ್ನು ಮಕ್ಕಳ ದುಃಖದ ದಿನಗಳಿಗೆ ಬಿಟ್ಟುಹೋಗಬಾರದೆಂದು. ಯಾವ ಕಲ್ಲು, ಎಷ್ಟು ಖರ್ಚು, ಹೆಸರು ಹೇಗೆ ಬರೆಯಬೇಕು, ಕೆಳಗೆ ಏನಿರಬೇಕು ಎಂದು ನನ್ನದನ್ನು ಒಂದು ಹಾಳೆಯಲ್ಲಿ ಬರೆದು ವಿಲ್ಲಿನ ಜೊತೆ ಇಟ್ಟಿದ್ದೇನೆ. ಮಗಳಿಗೆ ತೋರಿಸಿದೆ. ಅವಳು ಓದಿ, ಬೆರಳು ಮಡಚಿ ಅಕ್ಷರ ಎಣಿಸಿ, "ಅಮ್ಮಾ, ಅಕ್ಷರಕ್ಕೆ ಬೇರೆ ದುಡ್ಡು ಅಂತ ನೀನೇ ಹೇಳಿದ್ದು. ಎರಡು ಸಾಲು ಕಡಿಮೆ ಮಾಡು" ಎಂದಳು. ಮಾಡಿದೆ. ಮೊದಲಿಗಿಂತ ಚೆನ್ನಾಗಿದೆ.